ಅನ್ನದ ಋಣ ಮರೆಯದ ಸಂತ ಪಕೋಮಿಯುಸ್

ಈಜಿಪ್ಟ್ ಎಂದೊಡನೆ ನಮ್ಮ ಮನೆಗಳ ಮಕ್ಕಳಿಗೂ ನೆನಪಾಗುವವರು ಹಲವರಿದ್ದಾರೆ. ಒಡಹುಟ್ಟಿದವರಿಂದಲೇ ಮಾರಲ್ಪಟ್ಟು ದಾಸನಾಗಿ ಅಲ್ಲಿಗೆ ಹೋದ ಜೋಸೆಫ್, ನೈಲ್ ನದಿಯ ಜೊಂಡಿನ ನಡುವೆ ಬುಟ್ಟಿಯಲ್ಲಿ ಮಲಗಿದ್ದ ಶಿಶು ಮೋಶೆ, ಹೆರೋದನ ಕ್ರೌರ್ಯದಿಂದ ತಪ್ಪಿಸಿಕೊಂಡು ಅಲ್ಲಿ ಆಶ್ರಯ ಪಡೆದ ಪವಿತ್ರ ಕುಟುಂಬ, ಮರುಭೂಮಿಯಲ್ಲಿ ಏಕಾಂಗಿಯಾಗಿ ತಪಸ್ಸನ್ನಾಚರಿಸಿದ ಮಹಾತ್ಮ ಅಂತೋಣಿ. ಇದೇ ಸಾಲಿನಲ್ಲಿ ನಿಲ್ಲಬೇಕಾದ ಇನ್ನೊಂದು ಹೆಸರು ಸಂತ ಪಕೋಮಿಯುಸರದು. ಸನ್ಯಾಸಿಗಳು ಒಂದೇ ಆವರಣದೊಳಗೆ, ಒಂದೇ ನಿಯಮಾವಳಿಗೆ ಒಳಪಟ್ಟು, ಒಂದೇ ಪಂಕ್ತಿಯಲ್ಲಿ ಉಂಡು ಬಾಳುವ ಪದ್ಧತಿಗೆ ಅಡಿಪಾಯ ಹಾಕಿದವರೆಂದು ಧರ್ಮಸಭೆ ಅವರನ್ನು ಗೌರವಿಸುತ್ತದೆ. ಆ ಮಹಾಕಾರ್ಯದ ಮೂಲವನ್ನು ಹುಡುಕುತ್ತಾ ಹೋದರೆ ನಾವು ತಲಪುವುದು ಒಂದು ಸೆರೆಮನೆಯ ಬಾಗಿಲಿಗೆ. ಹಸಿದ ಯುವಕನೊಬ್ಬನ ಮುಂದೆ ಅಪರಿಚಿತರು ತಂದಿಟ್ಟ ಒಂದು ಹೊತ್ತಿನ ಊಟಕ್ಕೆ.

ಪಕೋಮಿಯುಸ್ ಜನಿಸಿದುದು ಕ್ರಿ.ಶ. 292ರ ಸುಮಾರಿನಲ್ಲಿ, ದಕ್ಷಿಣ ಈಜಿಪ್ಟಿನ ಲಾತೊಪೊಲಿಸ್ ಪ್ರಾಂತದಲ್ಲಿ. ಇಂದು ಎಸ್ನಾ ಎಂದು ಕರೆಯಲ್ಪಡುವ ಆ ಊರಿಗೆ ಹಳೆಯ ಹೆಸರು ಬಂದುದೇ ಅಲ್ಲಿ ಪೂಜೆಗೊಳ್ಳುತ್ತಿದ್ದ ನೈಲ್ ನದಿಯ ಒಂದು ಮೀನಿನಿಂದ. ತಂದೆತಾಯಿಗಳು ಕ್ರೈಸ್ತರಲ್ಲ, ಊರಿನ ಪೂರ್ವಾಚಾರದಂತೆ ಮಗನನ್ನೂ ನದಿಯ ದೈವಗಳಿಗೆ ಬಲಿ ಅರ್ಪಿಸಲು ಕರೆದೊಯ್ಯುತ್ತಿದ್ದರು. ಮನೆಯ ಮಾತು ಕೋಪ್ಟಿಕ್, ಅಂದರೆ ಹೊಲಗದ್ದೆಗಳಲ್ಲಿ ದುಡಿಯುವ ಜನರ ಭಾಷೆ. ಆಳುವವರ ಮತ್ತು ಪಂಡಿತರ ಭಾಷೆಯಾದ ಗ್ರೀಕ್ ಅವನಿಗೆ ತಿಳಿದಿರಲಿಲ್ಲ.

312ರ ಸುಮಾರಿನಲ್ಲಿ ರೋಮನ್ ಸಾಮ್ರಾಜ್ಯದ ಪೂರ್ವಭಾಗದ ಅಧಿಪತ್ಯಕ್ಕಾಗಿ ಮಾಕ್ಸಿಮಿನುಸ್ ದಾಯಾ ಮತ್ತು ಲಿಸಿನಿಯುಸ್ ಎಂಬ ಇಬ್ಬರು ಚಕ್ರವರ್ತಿಗಳ ನಡುವೆ ಯುದ್ಧ ಹೊಗೆಯಾಡುತ್ತಿತ್ತು. ಸೈನ್ಯಕ್ಕೆ ಆಳುಗಳು ಬೇಕಾದಾಗ ಹಳ್ಳಿಗಳ ಯುವಕರನ್ನು ಬಲವಂತವಾಗಿ ಹಿಡಿದೊಯ್ಯುವುದು ಅಂದಿನ ರೂಢಿ. 20ರ ಹರೆಯದ ಪಕೋಮಿಯುಸನೂ ಹಾಗೆ ಸಿಕ್ಕಿಬಿದ್ದನು. ಯುವಕರನ್ನು ದೋಣಿಯಲ್ಲಿ ತುಂಬಿ ನದಿಯಗುಂಟ ಉತ್ತರಕ್ಕೆ ಸಾಗಿಸಲಾಯಿತು. ದಾರಿಯಲ್ಲಿ ಸಿಕ್ಕ ಪ್ರಾಚೀನ ಮಹಾನಗರ ಥೀಬ್ಸ್, ಇಂದಿನ ಲಕ್ಸರ್. ರಾತ್ರಿಯ ಹೊತ್ತು ಯಾರೂ ಓಡಿಹೋಗದಿರಲೆಂದು ಅಲ್ಲಿನ ಸೆರೆಮನೆಯಲ್ಲಿ ಅವರನ್ನು ಕೂಡಿಹಾಕಿದರು. ಅಪರಾಧ ಮಾಡದೆಯೇ ಬಂದಿಯಾದವನ ಮನಸ್ಸಿನಲ್ಲಿ ಆ ಸಂಜೆ ಏನೇನು ಕುದಿಯುತ್ತಿತ್ತೋ ನಾವು ಊಹಿಸಬಲ್ಲೆವು.

ಆಗ ಊರಿನ ಕೆಲವರು ಸೆರೆಮನೆಯೊಳಗೆ ಬಂದರು. ಕೈಯಲ್ಲಿ ಆಹಾರವಿತ್ತು. ಬಂದಿಗಳು ತಿನ್ನದೆ ಮುದುಡಿ ಕುಳಿತಿದ್ದುದನ್ನು ಕಂಡು, ಒತ್ತಾಯಿಸಿ ಉಣಿಸಿದರು. ಇವರು ನಮ್ಮ ನೆಂಟರಲ್ಲ, ಊರವರಲ್ಲ, ಮತ್ತೇಕೆ ಇಷ್ಟು ಅಕ್ಕರೆ ಎಂದು ಪಕೋಮಿಯುಸ್ ವಿಚಾರಿಸಿದನು. ಇವರು ಕ್ರೈಸ್ತರು, ಕ್ರಿಸ್ತನ ಹೆಸರಿನಲ್ಲಿ ಯಾರಿಗಾದರೂ ಒಳ್ಳೆಯದನ್ನು ಮಾಡುವವರು ಎಂಬ ಉತ್ತರ ಬಂದಿತು. ಕ್ರೈಸ್ತ ಎಂಬ ಪದದ ಅರ್ಥವನ್ನು ಅವನು ಕಲಿತುದು ಹೀಗೆ. ಆ ರಾತ್ರಿ ಒಂದು ಮೂಲೆಗೆ ಸರಿದು, ಹೆಸರಷ್ಟೇ ತಿಳಿದ ಆ ದೇವರಿಗೆ ಮೊರೆಯಿಟ್ಟನು. ಈ ಬಂಧನದಿಂದ ಬಿಡುಗಡೆಯಾದರೆ ಬಾಳೆಲ್ಲ ನಿನ್ನ ಚಿತ್ತದಂತೆ ಮಾನವರ ಸೇವೆ ಮಾಡುವೆನೆಂದು ಹರಕೆ ಹೊತ್ತನು.

ಇಲ್ಲಿ ಒಂದು ಸಂಗತಿಯನ್ನು ನಾವು ಗಮನಿಸಬೇಕು. ಆ ಅನ್ನದಾತರು ನೆಮ್ಮದಿಯ ಕಾಲದಲ್ಲಿ ಬದುಕಿದವರಲ್ಲ. 303ರಲ್ಲಿ ಚಕ್ರವರ್ತಿ ದಿಯೊಕ್ಲೆತಿಯನ್ ಹೊರಡಿಸಿದ ಆಜ್ಞೆಯಿಂದ ಆರಂಭವಾದ ಧರ್ಮಹಿಂಸೆ ಈಜಿಪ್ಟಿನಲ್ಲಿ ಅತ್ಯಂತ ಉಗ್ರವಾಗಿತ್ತು. ಅಲೆಕ್ಸಾಂಡ್ರಿಯದ ಬಿಷಪ್ ಸಂತ ಪೇತ್ರರು 311ರಲ್ಲಿ ಹುತಾತ್ಮರಾಗಿದ್ದರು. ಯಾವ ಸೈನ್ಯದ ಆಳುಗಳು ತಮ್ಮವರನ್ನು ಕೊಂದಿದ್ದರೋ ಅದೇ ಸೈನ್ಯಕ್ಕೆ ಸೇರಲಿದ್ದ ಹುಡುಗರಿಗೆ ಥೀಬ್ಸಿನ ಆ ಕುಟುಂಬಗಳು ಉಣಬಡಿಸಿದವು. ಬೋಧನೆ ಮಾಡಲು ಅವರಿಗೆ ಸಮಯವಿರಲಿಲ್ಲ. ಅವರ ಹೆಸರುಗಳೂ ಚರಿತ್ರೆಯಲ್ಲಿ ಉಳಿದಿಲ್ಲ. ಆದರೂ ಸಂತರೊಬ್ಬರ ಜ್ಞಾನೋಪದೇಶದ ಮೊದಲ ಪಾಠವನ್ನು ಹೇಳಿಕೊಟ್ಟವರು ಅವರೇ.

313ರಲ್ಲಿ ಲಿಸಿನಿಯುಸ್ ಗೆದ್ದನು. ಬಲವಂತದಿಂದ ಕರೆತಂದ ಯುವಕರನ್ನು ಅಂತಿನೋಯೆ ಎಂಬ ನಗರದಲ್ಲಿ ಬಿಟ್ಟುಬಿಡಲಾಯಿತು. ಪಕೋಮಿಯುಸ್ ತವರಿಗೆ ಹಿಂತಿರುಗದೆ, ನದಿತೀರದ ಶೆನೆಸೆತ್ ಎಂಬ ಹಳ್ಳಿಗೆ ಬಂದು ಅಲ್ಲಿಯ ದೇವಾಲಯದಲ್ಲಿ ಜ್ಞಾನಸ್ನಾನ ಪಡೆದನು. ಪಾಳುಬಿದ್ದ ಹಳೆಯ ಗುಡಿಯೊಂದರಲ್ಲಿ ವಾಸಮಾಡುತ್ತಾ, ತರಕಾರಿ ಬೆಳೆದು ಖರ್ಜೂರದ ಗಿಡಗಳನ್ನು ನೋಡಿಕೊಂಡು, ಬಂದ ಫಲವನ್ನು ಬಡವರಿಗೂ ದಾರಿಹೋಕರಿಗೂ ಹಂಚಿದನು. ಹಳ್ಳಿಗೆ ಸಾಂಕ್ರಾಮಿಕ ರೋಗ ಬಂದಾಗ ಜಾಲಿಯ ಕಾಡಿನಿಂದ ಸೌದೆ ಹೊತ್ತು ತಂದು ರೋಗಿಗಳ ಮನೆಗಳಿಗೆ ಒದಗಿಸಿದನು. ಹೀಗೆ ಸುಮಾರು ಮೂರು ವರ್ಷಗಳು ಕಳೆದವು. ಸೇವೆಗೆ ಕೈಗಳಿದ್ದವು, ಆದರೆ ಒಳಗಿನ ಮನುಷ್ಯನನ್ನು ತಿದ್ದುವ ಗುರುವಿರಲಿಲ್ಲ. ಊರಾಚೆ ಏಕಾಂತವಾಸಿಯಾಗಿದ್ದ ವೃದ್ಧ ತಪಸ್ವಿ ಪಲಮೋನರ ಕುಟೀರದ ಬಾಗಿಲನ್ನು ಅವನು ತಟ್ಟಿದನು.

ಪಲಮೋನರು ಸುಲಭವಾಗಿ ಬಾಗಿಲು ತೆರೆಯಲಿಲ್ಲ. ಹಲವರು ಬಂದು ತಾಳಲಾರದೆ ಹಿಂತಿರುಗಿದ್ದಾರೆ, ನೀನೂ ಮೊದಲು ಬೇರೆಡೆ ನಿನ್ನನ್ನು ಪರೀಕ್ಷಿಸಿಕೊಂಡು ಬಾ ಎಂದರು. ಬೇಸಿಗೆಯಲ್ಲಿ ಸಂಜೆಯವರೆಗೆ ಉಪವಾಸ, ಚಳಿಗಾಲದಲ್ಲಿ ಎರಡು ದಿನಕ್ಕೊಮ್ಮೆ ಊಟ. ಊಟವೆಂದರೆ ರೊಟ್ಟಿ ಮತ್ತು ಉಪ್ಪು, ಎಣ್ಣೆಯಿಲ್ಲ, ದ್ರಾಕ್ಷಾರಸವಿಲ್ಲ. ರಾತ್ರಿಯ ಬಹುಭಾಗ ಜಾಗರಣೆ, ಕೈಯಲ್ಲಿ ನೂಲುವ ಇಲ್ಲವೆ ಹೆಣೆಯುವ ಕೆಲಸ. ತಮ್ಮ ಹೊಟ್ಟೆಗೆ ಬೇಕಾದುದನ್ನು ಬಿಟ್ಟು ಉಳಿದ ಸಂಪಾದನೆಯೆಲ್ಲ ಬಡವರಿಗೆ. ಇಷ್ಟನ್ನೂ ಕೇಳಿ ಯುವಕನು ಹಿಂಜರಿಯಲಿಲ್ಲ. ವೃದ್ಧರು ಬಾಗಿಲು ತೆರೆದರು. ನಮ್ಮ ಭಾಷೆಯಲ್ಲಿ ಗುರುವಿನ ಬಳಿಯಲ್ಲೇ ಇದ್ದು ಕಲಿಯುವವನಿಗೆ ಅಂತೇವಾಸಿ ಎಂಬ ಸುಂದರವಾದ ಪದವಿದೆ. ಪಕೋಮಿಯುಸ್ ಸುಮಾರು ಏಳು ವರ್ಷ ಪಲಮೋನರ ಅಂತೇವಾಸಿಯಾಗಿದ್ದನು.

ಆ ಏಳು ವರ್ಷಗಳು ಕಠಿಣವಾಗಿದ್ದವು. ರಾತ್ರಿ ನಿದ್ರೆ ಮುತ್ತಿದಾಗ ಗುರುಶಿಷ್ಯರಿಬ್ಬರೂ ಹೊರಗೆ ಹೋಗಿ, ಬುಟ್ಟಿಯಲ್ಲಿ ಮರಳನ್ನು ತುಂಬಿ ಒಂದೆಡೆಯಿಂದ ಇನ್ನೊಂದೆಡೆಗೆ ಹೊರುತ್ತಿದ್ದರು. ಮರಳಿಗೆ ಅಲ್ಲಿ ಯಾವ ಉಪಯೋಗವೂ ಇರಲಿಲ್ಲ, ದೇಹ ಎಚ್ಚರವಾಗಿರಬೇಕು ಅಷ್ಟೆ. ಸೌದೆ ತರಲು ಬರಿಗಾಲಿನಲ್ಲಿ ಜಾಲಿಯ ಕಾಡಿಗೆ ಹೋದಾಗ ಮುಳ್ಳುಗಳು ಅಂಗಾಲಿಗೆ ಹೊಗುತ್ತಿದ್ದವು. ಶಿಲುಬೆಯ ಮೊಳೆಗಳನ್ನು ಸ್ಮರಿಸುತ್ತಾ ಅವನು ಅದನ್ನು ಸಹಿಸುತ್ತಿದ್ದನು. ಒಮ್ಮೆ ಪುನರುತ್ಥಾನ ಹಬ್ಬದ ದಿನ, ಇಂದಾದರೂ ಗುರುಗಳಿಗೆ ಸ್ವಲ್ಪ ರುಚಿಯಾಗಿರಲೆಂದು ಉಪ್ಪಿಗೆ ಎಣ್ಣೆ ಬೆರೆಸಿ ಊಟ ಸಿದ್ಧಪಡಿಸಿದನು. ಅದನ್ನು ಕಂಡ ವೃದ್ಧರು ಕಣ್ಣೀರಿಟ್ಟರು. ಪ್ರಭು ಶಿಲುಬೆಗೇರಿರುವಾಗ ನಾನು ಎಣ್ಣೆ ತಿನ್ನುವುದೇ ಎಂದು ಮರುಗಿ, ಶಿಷ್ಯ ಎಷ್ಟು ಕರೆದರೂ ಊಟಕ್ಕೆ ಕೂರಲಿಲ್ಲ. ಪಕೋಮಿಯುಸ್ ಮರುಮಾತಾಡದೆ ಎಣ್ಣೆ ಬೆರೆತ ಉಪ್ಪನ್ನು ಚೆಲ್ಲಿದ ಮೇಲೆಯೇ ಇಬ್ಬರೂ ಉಂಡರು.

ಈ ಘಟನೆ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಗುರುವಿನ ಕಣ್ಣೀರು ನಿಜವಾದುದು, ಅವರ ವೈರಾಗ್ಯ ನಿಷ್ಕಪಟವಾದುದು. ಆದರೆ ಹಬ್ಬದ ದಿನ ಇನ್ನೊಬ್ಬರ ಹಸಿವನ್ನು ನೆನೆದು ಎಣ್ಣೆ ಬೆರೆಸಿದ ಕೈ ತಪ್ಪು ಮಾಡಿತೆನ್ನಲು ಮನಸ್ಸಾಗುವುದಿಲ್ಲ. ಮನೆ ಕಟ್ಟುತ್ತಾ ಮನುಷ್ಯ ಮನೆ ಕಟ್ಟುವುದನ್ನು ಕಲಿಯುವಂತೆ, ನ್ಯಾಯವನ್ನು ಆಚರಿಸುತ್ತಾ ನ್ಯಾಯವಂತನಾಗುತ್ತಾನೆಂಬುದು ಅರಿಸ್ಟಾಟಲನ ನೀತಿಶಾಸ್ತ್ರದ ಒಂದು ಮೂಲವಿಚಾರ. ಪಕೋಮಿಯುಸ್ ಗುರುವಿನಿಂದ ಸಂಯಮವನ್ನು ಕಲಿತನು, ಪ್ರಾರ್ಥನೆಯನ್ನು ಕಲಿತನು. ಥೀಬ್ಸಿನ ಸೆರೆಮನೆಯಲ್ಲಿ ಕಲಿತುದನ್ನು ಮಾತ್ರ ಆ ಕಲಿಕೆಯ ನಡುವೆ ಮರೆಯಲಿಲ್ಲ. ಎಣ್ಣೆಯ ಪ್ರಶ್ನೆಗೆ ಅವನ ಉತ್ತರ ವರ್ಷಗಳ ನಂತರ ಬಂದಿತು.

323ರ ಸುಮಾರಿನಲ್ಲಿ ಸೌದೆಗಾಗಿ ಅಲೆಯುತ್ತಾ ನೈಲ್ ದಂಡೆಯ ತಬೆನ್ನೆಸಿ ಎಂಬ ನಿರ್ಜನ ಹಳ್ಳಿಗೆ ಬಂದಾಗ, ಇಲ್ಲೇ ನೆಲೆಸಿ ಮಠವನ್ನು ಕಟ್ಟಬೇಕೆಂಬ ದೈವಪ್ರೇರಣೆ ಅವನಿಗಾಯಿತು. ಹಿಂತಿರುಗಿ ಗುರುವಿಗೆ ತಿಳಿಸಿದನು. ಶಿಷ್ಯನನ್ನು ಅಗಲುವುದು ವೃದ್ಧರಿಗೆ ದುಃಖವಾದರೂ ಅವರು ತಡೆಯಲಿಲ್ಲ. ತಾವೇ ಜೊತೆಯಲ್ಲಿ ಬಂದು ಚಿಕ್ಕ ಕುಟೀರವನ್ನು ಕಟ್ಟಿಕೊಟ್ಟರು. ಇನ್ನು ಮುಂದೆ ಒಬ್ಬರನ್ನೊಬ್ಬರು ಸರದಿಯಂತೆ ಭೇಟಿಮಾಡೋಣವೆಂದು ಇಬ್ಬರೂ ಒಪ್ಪಿಕೊಂಡರು. ಸ್ವಲ್ಪ ಕಾಲದಲ್ಲೇ ಪಲಮೋನರು ಕಾಯಿಲೆ ಬಿದ್ದು, ಶಿಷ್ಯನ ಆರೈಕೆಯಲ್ಲಿ ಕಣ್ಣುಮುಚ್ಚಿದರು.

ಮಠದ ಆರಂಭ ಸುಗಮವಾಗಿರಲಿಲ್ಲ. ಮೊದಲು ಬಂದವನು ಒಡಹುಟ್ಟಿದ ಅಣ್ಣ ಜಾನ್. ಬರಲಿರುವವರಿಗಾಗಿ ಪಕೋಮಿಯುಸ್ ಆವರಣವನ್ನು ವಿಸ್ತರಿಸುತ್ತಿದ್ದರೆ, ಏಕಾಂತ ಸಾಕೆನ್ನುತ್ತಿದ್ದ ಅಣ್ಣ ಈ ದೊಡ್ಡಸ್ತಿಕೆ ಏಕೆಂದು ಗದರಿದನು. ತಮ್ಮನಿಗೆ ಸಿಟ್ಟು ಬಂದಿತು. ಆ ಸಿಟ್ಟಿಗಾಗಿ ಪಕೋಮಿಯುಸ್ ರಾತ್ರಿಯಿಡೀ ಅತ್ತು ಪ್ರಾರ್ಥಿಸಿದನು. ಕಾಲ ಕೆಳಗಿನ ಮಣ್ಣು ಬೆವರಿನಿಂದ ಕೆಸರಾಯಿತೆಂದು ಅವರ ಪ್ರಾಚೀನ ಚರಿತ್ರೆ ಹೇಳುತ್ತದೆ. ಅನಂತರ ಸುತ್ತಲಿನ ಹಳ್ಳಿಗಳಿಂದ ಕೆಲವರು ಬಂದು ಸೇರಿದರು. ಪಕೋಮಿಯುಸರು ಅವರಿಗೆ ಅಡುಗೆ ಮಾಡಿದರು, ಲೆಕ್ಕ ನೋಡಿದರು, ಆಳಿನಂತೆ ದುಡಿದರು. ಅವರ ವಿನಯವನ್ನು ಆ ಜನ ದೌರ್ಬಲ್ಯವೆಂದು ತಿಳಿದು, ಹಂಗಿಸಿ ನಕ್ಕರು. ನಾಲ್ಕೈದು ವರ್ಷ ತಾಳಿದ ಮೇಲೆ ಪಕೋಮಿಯುಸರು ನಿಯಮಗಳನ್ನು ಮುಂದಿಟ್ಟು, ಒಪ್ಪದವರನ್ನು ಕಳುಹಿಸಿಬಿಟ್ಟರು. ವಾತ್ಸಲ್ಯಕ್ಕೂ ಕಟ್ಟುಪಾಡು ಬೇಕೆಂಬ ಕಹಿಸತ್ಯವನ್ನು ಅವರು ಅನುಭವದಿಂದಲೇ ಕಲಿತರು.

ಆ ಕಟ್ಟುಪಾಡೇ ಮುಂದೆ ಪ್ರಸಿದ್ಧ ನಿಯಮಾವಳಿಯಾಯಿತು. ಒಂದೊಂದು ಮಠದಲ್ಲೂ ಹಲವು ಮನೆಗಳು, ಒಂದೊಂದು ಮನೆಗೂ ಒಬ್ಬ ಹಿರಿಯ. ನೇಯುವವರು, ಬಡಗಿಗಳು, ಪಾದರಕ್ಷೆ ಹೊಲಿಯುವವರು ಎಂದು ಕಸುಬಿಗೆ ತಕ್ಕಂತೆ ವಾಸ. ಹೊಸಬರು ಕೆಲವು ದಿನ ಬಾಗಿಲ ಬಳಿಯಿದ್ದು ಪರಲೋಕ ಮಂತ್ರವನ್ನೂ ಕೆಲವು ಕೀರ್ತನೆಗಳನ್ನೂ ಕಲಿಯಬೇಕು. ಓದುಬಾರದವನು ಮನಸ್ಸಿಲ್ಲದಿದ್ದರೂ ಓದಲು ಕಲಿಯಲೇಬೇಕು. ಬರೆಯಲು ಓದಲು ಬಲ್ಲವರು ವಿರಳವಾಗಿದ್ದ ಆ ಶತಮಾನದಲ್ಲಿ ರೈತರ ಮಕ್ಕಳಿಗೆ ಇದೊಂದು ದೊಡ್ಡ ಕೊಡುಗೆ. ಮಧ್ಯಾಹ್ನ ಬೇಯಿಸಿದ ಆಹಾರವಿರುತ್ತಿತ್ತು. ಉಪವಾಸ ಬುಧವಾರ ಮತ್ತು ಶುಕ್ರವಾರ. ಪುನರುತ್ಥಾನ ಹಬ್ಬದಿಂದ ಪೆಂತೆಕೋಸ್ತ್ ಹಬ್ಬದವರೆಗೆ ಆ ಉಪವಾಸವೂ ಇಲ್ಲ. ಹೆಚ್ಚಿನ ವ್ರತ ಬಯಸುವವನು ತನ್ನ ಕೋಣೆಯಲ್ಲಿ ರೊಟ್ಟಿ, ಉಪ್ಪು, ನೀರಿನಲ್ಲೇ ತೃಪ್ತನಾಗಬಹುದು. ಪಂಕ್ತಿಯಲ್ಲಿ ಉಣ್ಣುವಾಗ ಎಲ್ಲರೂ ಕುಲಾವಿಯನ್ನು ಮುಖದ ಮೇಲೆ ಇಳಿಬಿಟ್ಟುಕೊಳ್ಳಬೇಕು. ಪಕ್ಕದವನು ಎಷ್ಟು ಉಂಡನು, ಎಷ್ಟು ಬಿಟ್ಟನು ಎಂಬುದು ಯಾರ ಕಣ್ಣಿಗೂ ಬೀಳಬಾರದು. ಪುನರುತ್ಥಾನ ಹಬ್ಬದ ಆ ಎಣ್ಣೆಯ ಪ್ರಶ್ನೆಗೆ ಉತ್ತರ ಇಲ್ಲಿದೆ.

ಈ ಉತ್ತರ ಕಾಗದದ ಮೇಲೆ ಮಾತ್ರ ಉಳಿಯಲಿಲ್ಲ. ಕಾಯಿಲೆಯಿಂದ ಸೊರಗಿದ ಸನ್ಯಾಸಿಯೊಬ್ಬನು ಸ್ವಲ್ಪ ಮಾಂಸ ಬೇಕೆಂದು ಕೇಳಿದಾಗ ಉಸ್ತುವಾರಿಯವರು ಕೊಡಲಿಲ್ಲ. ಸಂಗತಿ ತಿಳಿದ ಪಕೋಮಿಯುಸರು ತಮ್ಮ ಊಟವನ್ನು ಮುಟ್ಟದೆ ಕಣ್ಣೀರಿಟ್ಟು, ಆಡಿನ ಮರಿಯೊಂದನ್ನು ತರಿಸಿ ಬೇಯಿಸಿ ರೋಗಿಗೆ ಕೊಟ್ಟ ಮೇಲೆಯೇ ಉಂಡರು. ಇನ್ನೊಂದು ಸಂದರ್ಭ. ಅವರು ಮಠಕ್ಕೆ ಬಂದಾಗ ಅಲ್ಲಿದ್ದ ಬಾಲಕನೊಬ್ಬನು, ತಾವು ಹೋದಂದಿನಿಂದ ನಮಗೆ ಬೇಯಿಸಿದ ತರಕಾರಿ ಸಿಕ್ಕಿಲ್ಲವೆಂದು ದೂರಿಟ್ಟನು. ಅಡುಗೆಯವನನ್ನು ಕರೆಸಿ ಕೇಳಿದರೆ, ಹೆಚ್ಚಿನವರು ಬೇಯಿಸಿದುದನ್ನು ತಿನ್ನುವುದಿಲ್ಲ, ಎಣ್ಣೆ ತರಕಾರಿ ವ್ಯರ್ಥ, ಆ ಸಮಯದಲ್ಲಿ ಚಾಪೆ ಹೆಣೆದೆನೆಂದು ಹೇಳಿ ಹೆಮ್ಮೆಯಿಂದ 500 ಚಾಪೆಗಳ ಲೆಕ್ಕ ಕೊಟ್ಟನು. ಪಕೋಮಿಯುಸರು ಆ 500 ಚಾಪೆಗಳನ್ನೂ ಬೆಂಕಿಗೆ ಹಾಕಿಸಿದರು. ಮುಂದೆ ಆಹಾರವಿದ್ದು ಸ್ವಇಚ್ಛೆಯಿಂದ ಬಿಟ್ಟರೆ ಅದು ತ್ಯಾಗ. ಆಹಾರವೇ ಇಲ್ಲದಿದ್ದರೆ ಬಿಡುವುದಾದರೂ ಏನನ್ನು ಎಂಬುದು ಅವರ ತರ್ಕ. ಆಯ್ಕೆಯಿಲ್ಲದೆಡೆ ಸದ್ಗುಣವೂ ಇಲ್ಲವೆಂದು ತತ್ತ್ವಶಾಸ್ತ್ರದ ಪಾಠಗಳಲ್ಲಿ ನಾವು ಓದುವುದನ್ನು, ಆ ಸಂತನು ಅಡುಗೆಮನೆಯಲ್ಲೇ ಬೋಧಿಸಿದನು. ವ್ರತ ಹಿಡಿಯದ ಬಾಲಕರ, ವೃದ್ಧರ, ರೋಗಿಗಳ ಹಸಿವನ್ನು ಅವರು ಮೊದಲು ಎಣಿಸಿದರೆಂಬುದೂ ಸ್ಪಷ್ಟ.

ಅವರು ಗುರುವಾದ ಮೇಲೂ ಕಲಿಯುವುದನ್ನು ಬಿಡಲಿಲ್ಲ. ಒಂದು ದಿನ ತಬೆನ್ನೆಸಿಯಲ್ಲಿ ಚಾಪೆ ಹೆಣೆಯುತ್ತಾ ಕುಳಿತಿದ್ದಾಗ, ವಾರದ ಸೇವೆಯ ಸರದಿಯಲ್ಲಿದ್ದ ಹುಡುಗನೊಬ್ಬನು ನಿಂತು ನೋಡಿ, ಹೆಣೆಯುವ ರೀತಿ ಹೀಗಲ್ಲ, ನಮಗೆ ಥಿಯೋಡೋರರು ಬೇರೆ ರೀತಿ ಕಲಿಸಿದ್ದಾರೆಂದನು. ನೂರಾರು ಸನ್ಯಾಸಿಗಳ ತಂದೆಯೆನಿಸಿದ ಪಕೋಮಿಯುಸರು ಎದ್ದುನಿಂತು, ಹಾಗಾದರೆ ನನಗೂ ಕಲಿಸು ಎಂದು ಕೇಳಿಕೊಂಡರು. ಹುಡುಗನು ಕಲಿಸಿದನು. ಅವರು ಸಂತೋಷದಿಂದ ಮತ್ತೆ ಕುಳಿತು ಆ ಹೊಸ ರೀತಿಯಲ್ಲೇ ಹೆಣೆದರು. ಗ್ರೀಕ್ ಮಾತ್ರ ಬಲ್ಲ ಅಲೆಕ್ಸಾಂಡ್ರಿಯದ ಯುವಕನೊಬ್ಬನು ಮಠಕ್ಕೆ ಸೇರಿ ಮಾತಿನ ಜೊತೆಯಿಲ್ಲದೆ ಕೊರಗಿದಾಗ, ಅವನಿಗೆ ಸಾಂತ್ವನ ಹೇಳುವ ಸಲುವಾಗಿಯೇ ಈ ಹಿರಿಯರು ಗ್ರೀಕ್ ಕಲಿಯಲು ಶ್ರಮಿಸಿದರು.

ಚಾಪೆಯ ಪ್ರಸಂಗದಲ್ಲಿ ಬಂದ ಥಿಯೋಡೋರರದೇ ಇನ್ನೊಂದು ಕಥೆ. ಲಾತೊಪೊಲಿಸಿನ ಶ್ರೀಮಂತ ಕ್ರೈಸ್ತ ಮನೆತನದ ಈ ಹುಡುಗ ಹದಿಹರೆಯದಲ್ಲೇ ಮಠಕ್ಕೆ ಬಂದನು. ಅವನ ತಾಯಿ ಬಿಷಪರ ಪತ್ರವನ್ನು ಹಿಡಿದು ಮಗನನ್ನು ನೋಡಲು ಬಂದಾಗ, ಹೋಗಿ ಮಾತನಾಡಿಸೆಂದು ಪಕೋಮಿಯುಸರು ಹೇಳಿದರೂ ಮಗನೇ ಒಪ್ಪಲಿಲ್ಲ. ಆ ತಾಯಿ ಅಲ್ಲಿಯೇ ಸ್ತ್ರೀಯರ ಮಠದಲ್ಲಿ ಉಳಿದುಬಿಟ್ಟಳು. ಪಕೋಮಿಯುಸರ ಸಹೋದರಿ ಮೇರಿಯ ಹಿರಿತನದಲ್ಲಿ ಬೆಳೆದ ಮಠವದು. ಥಿಯೋಡೋರನನ್ನು ಪಕೋಮಿಯುಸರು ಸ್ವಂತ ಮಗನಂತೆ ಬೆಳೆಸಿ, ಮುಂದೆ ತಬೆನ್ನೆಸಿಯ ಹಿರಿತನವನ್ನು ಅವನಿಗೇ ಒಪ್ಪಿಸಿ, ತಾವು ಸಮೀಪದ ಪ್ಬೋ ಮಠಕ್ಕೆ ತೆರಳಿದರು. ಶಿಷ್ಯನು ದಿನವೂ ಪ್ಬೋಗೆ ನಡೆದುಬಂದು ಗುರುವಿನ ಉಪದೇಶ ಕೇಳಿ, ತಬೆನ್ನೆಸಿಗೆ ಹಿಂತಿರುಗಿ ಸಹೋದರರಿಗೆ ಅದನ್ನು ತಿಳಿಸುತ್ತಿದ್ದನು.

ಇಂತಹ ಸ್ನೇಹಕ್ಕೂ ಒಂದು ಗಾಯವಾಯಿತು. ಪಕೋಮಿಯುಸರು ತೀವ್ರ ಅಸ್ವಸ್ಥರಾದಾಗ ಹಿರಿಯರೆಲ್ಲ ಕೂಡಿ, ಗುರುಗಳು ತೀರಿಕೊಂಡರೆ ನೀನೇ ನಮ್ಮ ತಂದೆಯಾಗಬೇಕೆಂದು ಥಿಯೋಡೋರರನ್ನು ಒತ್ತಾಯಿಸಿದರು. ಬಹಳ ಹೊತ್ತು ನಿರಾಕರಿಸಿ ಕೊನೆಗೆ ಅವರು ಒಪ್ಪಿದರು. ಪಕೋಮಿಯುಸರು ಚೇತರಿಸಿಕೊಂಡರು, ವಿಷಯ ತಿಳಿಯಿತು, ಥಿಯೋಡೋರರನ್ನು ಅಧಿಕಾರದಿಂದ ಇಳಿಸಿ ಪ್ರಾಯಶ್ಚಿತ್ತಕ್ಕೆ ಕಳುಹಿಸಿದರು. ಎರಡು ವರ್ಷ ಆ ಪ್ರೀತಿಯ ಶಿಷ್ಯನು ಕಡೆಯವನಂತೆ ಬಾಳಿದನು, ಅತ್ತನು, ಆದರೆ ಮಠವನ್ನು ತೊರೆಯಲಿಲ್ಲ, ಗುರುವನ್ನು ದೂರಲಿಲ್ಲ. ಇಷ್ಟು ಸಣ್ಣ ತಪ್ಪಿಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ಇಂದಿನ ಓದುಗರಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ನಮಗೂ ಹಾಗೆಯೇ ಅನ್ನಿಸುತ್ತದೆ. ಪಲಮೋನರ ಕಾಠಿಣ್ಯ ಶಿಷ್ಯನಲ್ಲಿ ಎಲ್ಲೋ ಉಳಿದಿತ್ತೇನೋ. ಸಂತರು ನ್ಯೂನತೆಯಿಲ್ಲದ ಶಿಲಾಮೂರ್ತಿಗಳಲ್ಲ. ಆದರೆ ಪದವಿಯ ಆಸೆ ಸಹೋದರರ ಕೂಟವನ್ನು ಹೇಗೆ ಒಡೆಯಬಲ್ಲುದೆಂಬುದನ್ನು ಆ ಹಿರಿಯರು ಬಲ್ಲವರಾಗಿದ್ದರು. ಈ ಅವಮಾನವನ್ನು ಸಹಿಸಿದ ಥಿಯೋಡೋರರು ಮೊದಲಿಗಿಂತಲೂ ಎತ್ತರಕ್ಕೆ ಬೆಳೆದರೆಂದು ಅವರೇ ಇತರರೆದುರು ಮೆಚ್ಚಿಕೊಂಡರೆಂಬುದೂ ಚರಿತ್ರೆಯಲ್ಲಿದೆ.

346ರಲ್ಲಿ ಮಠಗಳಿಗೆ ಮಹಾಮಾರಿ ನುಗ್ಗಿ ಬಹಳ ಜನ ಸನ್ಯಾಸಿಗಳನ್ನು ಬಲಿ ತೆಗೆದುಕೊಂಡಿತು. ಪಕೋಮಿಯುಸರೂ ಹಾಸಿಗೆ ಹಿಡಿದರು. ಆರೈಕೆಗೆ ನಿಂತವರು ಅದೇ ಥಿಯೋಡೋರರು. ಹೊದಿಕೆ ಭಾರವಾಗಿದೆ, ಹಗುರವಾದ ಹಳೆಯದೊಂದನ್ನು ತಾ ಎಂದು ಗುರು ಕೇಳಿದಾಗ ಶಿಷ್ಯ ಉತ್ತಮವಾದ ಹೊದಿಕೆಯನ್ನು ತಂದರು. ಇತರ ರೋಗಿ ಸಹೋದರರಿಗೆ ಇಲ್ಲದುದು ತಮಗೂ ಬೇಡವೆಂದು ಅವರು ಅದನ್ನು ಹಿಂದಕ್ಕೆ ಕಳುಹಿಸಿದರು. ಕೊನೆಗಳಿಗೆಯಲ್ಲಿ ಥಿಯೋಡೋರರ ಬಳಿ, ದಾರಿತಪ್ಪುವ ಸಹೋದರರನ್ನು ಕೈಬಿಡಬಾರದೆಂದು ಕೋರಿದರು. ಮೇ 9ರಂದು ಅವರು ಪ್ರಭುವಿನಲ್ಲಿ ಐಕ್ಯರಾದಾಗ ಪುರುಷರ 9 ಮಠಗಳೂ ಸ್ತ್ರೀಯರ 2 ಮಠಗಳೂ ಅವರ ನಿಯಮದಂತೆ ನಡೆಯುತ್ತಿದ್ದವು. ಕೆಲವು ವರ್ಷಗಳ ನಂತರ ಆ ಮಠಗಳಲ್ಲಿ ಒಡಕು ತಲೆಯೆತ್ತಿದಾಗ, 350ರ ಸುಮಾರಿನಲ್ಲಿ ಹೊಣೆ ಹೊತ್ತು ಎಲ್ಲರನ್ನೂ ಮತ್ತೆ ಒಂದುಗೂಡಿಸಿದವರು ಅಂದು ಪದವಿ ಕಳೆದುಕೊಂಡಿದ್ದ ಥಿಯೋಡೋರರೇ.

404ರಲ್ಲಿ ಸಂತ ಜೆರೋಮರು ಪಕೋಮಿಯುಸರ ನಿಯಮಾವಳಿಯನ್ನು ಲತೀನ್ ಭಾಷೆಗೆ ತಂದರು. ಅದರ ಪ್ರಭಾವ ಆರನೆಯ ಶತಮಾನದ ಸಂತ ಬೆನೆಡಿಕ್ಟರ ನಿಯಮದವರೆಗೂ ಹರಿಯಿತು. ನಮ್ಮ ಬೆಂಗಳೂರಿನ ಬಳಿ ಕುಂಬಳಗೋಡಿನಲ್ಲಿರುವ ಆಶೀರ್ವನದ ಬೆನೆಡಿಕ್ಟೈನ್ ಸನ್ಯಾಸಿಗಳು ಒಟ್ಟಾಗಿ ಪ್ರಾರ್ಥಿಸಿ, ದುಡಿದು, ಒಂದೇ ಪಂಕ್ತಿಯಲ್ಲಿ ಉಣ್ಣುವಾಗ ನೈಲ್ ತೀರದ ಆ ಪರಂಪರೆಯ ಒಂದು ಎಳೆ ಅಲ್ಲಿಯೂ ಇದೆ.

ನಮ್ಮ ಕುಟುಂಬಗಳಿಂದ ಎಷ್ಟೋ ಮಕ್ಕಳು ವಿದ್ಯೆಗಾಗಿ, ಕಸುಬು ಕಲಿಯಲೆಂದು ದೂರದ ಊರುಗಳಿಗೆ ಹೋಗುತ್ತಾರೆ. ಹಾಗೆಯೇ ಯಾರದೋ ಮನೆಯ ಮಕ್ಕಳು ನಮ್ಮ ಊರಿಗೆ, ನಮ್ಮ ಅಂಗಡಿಗೆ, ನಮ್ಮ ಕೈಕೆಳಗೆ ಕೆಲಸ ಕಲಿಯಲು ಬರುತ್ತಾರೆ. ಅವರ ಧರ್ಮ ಯಾವುದು, ಭಾಷೆ ಯಾವುದು ಎಂಬುದನ್ನು ಥೀಬ್ಸಿನ ಕ್ರೈಸ್ತರು ಕೇಳಲಿಲ್ಲ, ಮೊದಲು ಉಣಿಸಿದರು. ಭೇಟಿಯಾದವರನ್ನು ಊಟವಾಯಿತೇ ಎಂದು ವಿಚಾರಿಸುವುದು ನಮ್ಮ ಕನ್ನಡ ನಾಡಿನ ಹಳೆಯ ವಾಡಿಕೆ. ಹಾಗೆ ಕೇಳಿದ ಮೇಲೆ ಉತ್ತರಕ್ಕಾಗಿ ಒಂದು ಕ್ಷಣ ನಿಲ್ಲೋಣ, ಇಲ್ಲವೆಂದವನಿಗೆ ಎಲೆ ಹಾಕೋಣ. ಪಕೋಮಿಯುಸರು ತೀರಿಸಿದ ಅನ್ನದ ಋಣದಲ್ಲಿ ನಮ್ಮ ಪಾಲೂ ಉಳಿದಿದೆ.